ಮೂರು ಹೀಟರ್, ಮೂರಕ್ಕೂ ಒಂದೇ ರೀಡಿಂಗ್

ಪೀಣ್ಯದಲ್ಲಿರುವ ನಮ್ಮ ಶೆಡ್‌ನಲ್ಲಿ ಒಂದು ಡ್ರೈಯಿಂಗ್ ಓವನ್ ಇದೆ. 2 ಕಿಲೋವ್ಯಾಟ್‌ನ ಮೂರು ಹೀಟರ್, ಮೂರೂ ಪ್ಯಾರಲಲ್, 230 ವೋಲ್ಟ್ ಸಿಂಗಲ್ ಫೇಸ್. ಆಯುಧಪೂಜೆ ಹೊತ್ತಿನ ಶಟ್‌ಡೌನ್ ಆದಮೇಲೆ ಅದು ಬಿಸಿಯಾಗಲು ಮೀನಮೇಷ ಎಣಿಸತೊಡಗಿತು.

ಮ್ಯಾನೇಜರ್ ಪಕ್ಕದಲ್ಲೇ ನಿಂತು ವಾಚ್ ನೋಡುತ್ತಿದ್ದರು. ಎಂಸಿಬಿ ಇಳಿಸಿ, ಸಪ್ಲೈ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಟ್ರೈನಿ ಹುಡುಗ ಮಲ್ಟಿಮೀಟರ್ ಹಿಡಿದ. ಮೊದಲನೇ ಹೀಟರ್ 10.8 ಓಮ್. ಎರಡನೇದು 10.8. ಮೂರನೇದೂ 10.8.

“ಮೂರೂ ಒಂದೇ ಇದೆಯಲ್ಲಪ್ಪ, ಹೀಟರ್ ಸರಿಯಾಗಿದೆ. ವೋಲ್ಟೇಜ್ ಕಮ್ಮಿ ಬರ್ತಿರಬೇಕು” ಅಂದರು ಮ್ಯಾನೇಜರ್.

ಒಂದೇ ಬರದೆ ಇನ್ನೇನು ಬರುತ್ತೆ? ಮೂರೂ ಹೀಟರನ್ನು ಒಂದಕ್ಕೊಂದು ಸೇರಿಸುವ ಕಾಪರ್ ಲಿಂಕ್ ಬಿಚ್ಚಿರಲಿಲ್ಲ. ಪ್ರೋಬ್ ಎಲ್ಲಿಟ್ಟರೂ ಮೀಟರ್ ಅಳೆಯುವುದು ಮೂರನ್ನೂ ಸೇರಿಸಿಯೇ.

2 ಕಿಲೋವ್ಯಾಟ್ ಹೀಟರ್ ಅಂದರೆ 230ರ ವರ್ಗವನ್ನು 2000ದಿಂದ ಭಾಗಿಸಿ: ಸುಮಾರು 26.5 ಓಮ್. ಅಂಥ ಮೂರು ಪ್ಯಾರಲಲ್‌ನಲ್ಲಿ ಸೇರಿದರೆ ಅದರ ಮೂರನೇ ಒಂದು ಭಾಗ, 8.8 ಬರಬೇಕು. ಒಂದು ಒಳಗೆ ತುಂಡಾಗಿ ಪೂರ್ತಿ ಓಪನ್ ಆಗಿದ್ದರೆ 13.2. ನಮ್ಮದು ಅದೂ ಅಲ್ಲ, ಇದೂ ಅಲ್ಲ. ಜಾಸ್ತಿ ಬಂದ 2 ಓಮನ್ನು ಹಳೇ ಪ್ರೋಬ್ ವೈರಿನ ತಲೆಗೆ ಕಟ್ಟಿ ನಾನೂ ಸುಮ್ಮನಾಗುತ್ತಿದ್ದೆ. ಹುಡುಗ ಪ್ರೋಬ್‌ಗಳ ತುದಿ ಒಂದಕ್ಕೊಂದು ಮುಟ್ಟಿಸಿ ತೋರಿಸಿದ. 0.2 ಓಮ್, ಅಷ್ಟೇ!

ಹಾಗಾದರೆ ನಿಜವಾದ ರೀಡಿಂಗ್ 10.6. ಎರಡು ಹೀಟರ್ ಸರಿ ಇವೆ ಅಂತ ನಂಬಿದರೆ ಮೂರನೇದು ಸುಮಾರು 53 ಓಮ್ ಅಂತ ಲೆಕ್ಕ ಸಿಗುತ್ತದೆ. ಆದರೆ ನಂಬೋದು ಹೇಗೆ? ಒಂದೇ ರೀಡಿಂಗ್‌ನಿಂದ ಮೂರು ಗೊತ್ತಿಲ್ಲದ ರೆಸಿಸ್ಟೆನ್ಸ್ ಹುಡುಕಲಾಗದು. ಯಾವುದು ಕೆಟ್ಟಿದೆ ಅನ್ನೋದೂ ಗೊತ್ತಾಗದು.

ಲಿಂಕ್ ಬೋಲ್ಟ್‌ಗಳು ತುಕ್ಕು ಹಿಡಿದು ಕೂತಿದ್ದವು. “ಬಿಚ್ಚಬೇಡಿ, ಮುರಿದರೆ ಇವತ್ತಿನ ಬ್ಯಾಚ್ ಹೋಯ್ತು” ಅಂದರು ಮ್ಯಾನೇಜರ್. ಸರಿ, ಗ್ಲೌಸ್ ಹಾಕಿಕೊಂಡು, ಸಪ್ಲೈ ಕೊಟ್ಟು, ಒಂದೊಂದೇ ಹೀಟರ್ ವೈರಿಗೆ, ವೈರ್ ಬಿಚ್ಚದೆ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿದೆ. 8.7 ಆಂಪ್. 8.7 ಆಂಪ್. ಕೊನೇದು 4.3!

ವೋಲ್ಟೇಜ್ ಸರಿಯಾಗಿ 230 ಇತ್ತು. ಪ್ಯಾರಲಲ್‌ನಲ್ಲಿ ಎಲ್ಲ ಬ್ರಾಂಚಿಗೂ ಅದೇ ವೋಲ್ಟೇಜ್ ಅಲ್ವಾ, ಕರೆಂಟಿನಿಂದ ಭಾಗಿಸಿದರೆ ಮುಗೀತು. ಮೂರನೇದು ಸುಮಾರು 53 ಓಮ್, ಅಂದರೆ 1 ಕಿಲೋವ್ಯಾಟ್ ಹೀಟರ್. ಶಟ್‌ಡೌನ್‌ನಲ್ಲಿ ಯಾರೋ ಪುಣ್ಯಾತ್ಮರು ಬದಲಾಯಿಸಿದ್ದಾರೆ. ಉದ್ದ, ದಪ್ಪ, ಟರ್ಮಿನಲ್ ಎಲ್ಲ ಒಂದೇ ಥರ. ಸ್ಟೋರಿನಲ್ಲೂ ಎರಡನ್ನೂ ಒಂದೇ ರ‍್ಯಾಕಿಗೆ ತುಂಬಿಟ್ಟಿದ್ದಾರೆ.

ಮರುದಿನವೇ ಸರ್ಕ್ಯುಲರ್ ಬಂತು: ಎಲ್ಲ ಹೀಟರ್‌ಗಳ ಓಮ್ ರೀಡಿಂಗನ್ನು ವಾರಕ್ಕೊಮ್ಮೆ ರಿಜಿಸ್ಟರಿನಲ್ಲಿ ಬರೆಯಬೇಕಂತೆ. ಲಿಂಕ್ ಬಿಚ್ಚಿ ಅಳೆಯಿರಿ ಅಂತ ಅದರಲ್ಲಿ ಎಲ್ಲೂ ಇಲ್ಲ.