ಫ್ಯಾನಿ ಹೆಸರಿನ ಕೊಳದಲ್ಲಿ

ಸಿಡ್ನಿಯಲ್ಲಿ ನಮ್ಮ ಮನೆಗೆ ಹತ್ತಿರದ ರೈಲು ನಿಲ್ದಾಣ ಪೀಟರ್‌ಶಾಮ್. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಪೀಟರ್‌ಶಾಮ್ ಪಾರ್ಕ್ ಇದೆ. ಮರಗಳ ನಡುವೆ ಒಂದು ಕ್ರಿಕೆಟ್ ಮೈದಾನ. ಡಾನ್ ಬ್ರಾಡ್‌ಮನ್ ಸಿಡ್ನಿಯ ಗ್ರೇಡ್ ಕ್ರಿಕೆಟ್ಟಿನಲ್ಲಿ, ಅಂದರೆ ಕ್ಲಬ್ಬುಗಳ ಪಂದ್ಯಾವಳಿಯಲ್ಲಿ, ಮೊದಲ ಶತಕ ಹೊಡೆದದ್ದು ಇಲ್ಲೇ, 1926ರಲ್ಲಿ. ಊರಿಂದ ಯಾರೇ ಬಂದರೂ ನಮ್ಮನೆಯವರು ಮೊದಲು ತೋರಿಸುವುದು ಅದನ್ನೇ. ನಾನು ಕರೆದುಕೊಂಡು ಹೋಗುವುದು ಅದೇ ಪಾರ್ಕಿನ ಈಜುಕೊಳಕ್ಕೆ. ಅದಕ್ಕೆ ಫ್ಯಾನಿ ಡ್ಯೂರಾಕ್ ಎಂಬ ಹೆಂಗಸಿನ ಹೆಸರಿಟ್ಟಿದ್ದಾರೆ.

ನಾನು ಈಜು ಕಲಿತದ್ದು ಆ ಕೊಳದಲ್ಲಿ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ. ಚಿಕ್ಕಂದಿನಲ್ಲಿ ಅಣ್ಣಂದಿರು ಸೊಂಟಕ್ಕೆ ಬೆಂಡು ಕಟ್ಟಿಕೊಂಡು ತೋಟದ ಬಾವಿಗೆ ಧುಮುಕುವಾಗ ನಾನು ಅವರ ಬಟ್ಟೆ ಕಾಯುತ್ತಾ ಮೇಲೆ ಕೂತಿರುತ್ತಿದ್ದೆ. ಇಲ್ಲಿ ಕೈಗೆ ಒಂದು ಫೋಮ್ ಹಲಗೆ ಕೊಟ್ಟರು. ಹಿಡಿದ ತಕ್ಷಣ ಅನಿಸಿತು, ಅದೇ ಬೆಂಡು ಅಲ್ವಾ ಇದು!

ಫ್ಯಾನಿ ಹುಟ್ಟಿದ್ದು 1889ರಲ್ಲಿ, ಇದೇ ಸಿಡ್ನಿಯಲ್ಲಿ. ಕಡಲ ದಂಡೆಯ ಕೂಜಿಯಲ್ಲಿ ಈಜು ಕಲಿತರು. ಮೊದಮೊದಲು ಕಪ್ಪೆಯ ಹಾಗೆ ಕಾಲು ಬಡಿಯುವ ಬ್ರೆಸ್ಟ್ ಸ್ಟ್ರೋಕ್, ಆಮೇಲೆ ಒಂದೊಂದೇ ಕೈ ಮುಂದೆ ಬೀಸುವ ಕ್ರಾಲ್. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರ ಈಜನ್ನು ಸೇರಿಸಿದಾಗ ಇಲ್ಲಿನ ಜನರ ಬಾಯಲ್ಲಿ ಫ್ಯಾನಿ ಮತ್ತು ಅವರ ಗೆಳತಿ ಮೀನಾ ವೈಲಿಯ ಹೆಸರೇ.

ಆದರೆ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಹೆಂಗಸರ ಈಜು ಸಂಘದ ನಿಯಮವೇ ಅಡ್ಡ ಬಂತು. ಗಂಡಸರು ಇರುವ ಕಡೆ ಹೆಂಗಸರು ಸ್ಪರ್ಧೆಗೆ ಇಳಿಯುವಂತಿರಲಿಲ್ಲ. ಸಂಘದ ಅಧ್ಯಕ್ಷೆ ರೋಸ್ ಸ್ಕಾಟ್. ಹೆಂಗಸರಿಗೆ ಮತದ ಹಕ್ಕು ಬೇಕೆಂದು ವರ್ಷಗಟ್ಟಲೆ ಹೋರಾಡಿದವರು. 1902ರಲ್ಲಿ ಆ ಹಕ್ಕು ಸಿಕ್ಕಿಯೂ ಆಗಿತ್ತು. ಅಂಥವರೇ ಈ ನಿಯಮ ಸಡಿಲಿಸಲು ಒಪ್ಪಲಿಲ್ಲ.

ಇದನ್ನು ಓದಿದಾಗ ಮೊದಲು ಸಿಟ್ಟು ಬಂತು. ಆಮೇಲೆ ನನ್ನ ಅಜ್ಜಿ ನೆನಪಾದರು. ಹೆಣ್ಣುಮಕ್ಕಳನ್ನು ಓದಿಸಲೇಬೇಕು ಎಂದು ಅಪ್ಪನ ಹತ್ತಿರ ಹಠ ಹಿಡಿದವರು ಅವರು. ನೀನು ಬಾವಿಗೆ ಇಳಿಯಬೇಡ ಎಂದವರೂ ಅವರೇ. ಕೆಟ್ಟ ಕಣ್ಣು ಬೀಳಬಾರದು ಅನ್ನುವ ಭಯ. ರೋಸ್ ಸ್ಕಾಟ್ ಅವರಿಗೂ ಅದೇ ಭಯ ಇದ್ದಿರಬೇಕು. ಅವರ ಕಾಳಜಿ ನಿಜವಾದದ್ದೇ. ಆದರೂ ಅವರು ಮಾಡಿದ್ದು ತಪ್ಪು ಅಂತಲೇ ನನಗೆ ಅನಿಸುತ್ತದೆ.

ಊರೆಲ್ಲ ಇದೇ ಚರ್ಚೆಯಾಯಿತು. ಕೊನೆಗೆ ಸಂಘ ನಿಯಮ ಬದಲಿಸಿತು, ಸ್ಕಾಟ್ ರಾಜೀನಾಮೆ ಕೊಟ್ಟರು. ಖರ್ಚಿಗೆ ಜನರೇ ಚಂದಾ ಎತ್ತಿದರು. ಫ್ಯಾನಿಯ ಜೊತೆಗೆ ಸೋದರಿ ಮೇರಿ ಹೊರಟರು.

ಸ್ಟಾಕ್‌ಹೋಮ್‌ನಲ್ಲಿ ಕಟ್ಟಿದ ಕೊಳ ಇರಲಿಲ್ಲ. ಕೊಲ್ಲಿಯ ನೀರಿನಲ್ಲೇ 100 ಮೀಟರ್ ಜಾಗ ಮಾಡಿದ್ದರು. ಹೀಟ್ಸ್‌ನಲ್ಲೇ, ಅಂದರೆ ಮೊದಲ ಸುತ್ತಿನಲ್ಲೇ, ಫ್ಯಾನಿ 1 ನಿಮಿಷ 19.8 ಸೆಕೆಂಡಿನ ವಿಶ್ವದಾಖಲೆ ಮಾಡಿದರು. ಫೈನಲ್‌ನಲ್ಲಿ 1 ನಿಮಿಷ 22.2 ಸೆಕೆಂಡ್, ಚಿನ್ನ. ಬೆಳ್ಳಿ ಮೀನಾಗೆ. ರಿಲೇಗೆ ನಾಲ್ಕು ಜನ ಬೇಕಿತ್ತು, ಇದ್ದದ್ದು ಇವರಿಬ್ಬರೇ. ನಾವೇ ಎರಡೆರಡು ಸಲ ಈಜುತ್ತೇವೆ ಎಂದು ಕೇಳಿದರಂತೆ. ಬಿಡಲಿಲ್ಲ. ಪದಕಕ್ಕಿಂತ ಜಾಸ್ತಿ ಇಷ್ಟವಾಗುವುದು ನನಗೆ ಈ ಸಂಗತಿಯೇ.

1916ರ ಒಲಿಂಪಿಕ್ಸ್ ಯುದ್ಧದಿಂದ ನಿಂತುಹೋಯಿತು. 1920ರಲ್ಲಿ ಹೊರಡುವ ಹೊತ್ತಿಗೆ ಅಪೆಂಡಿಸೈಟಿಸ್, ಬೆನ್ನಿಗೇ ಟೈಫಾಯ್ಡ್, ನ್ಯುಮೋನಿಯಾ. ಮರುವರ್ಷ ಸ್ಪರ್ಧೆ ಬಿಟ್ಟರು. ಆಮೇಲೆ ಮಕ್ಕಳಿಗೆ ಈಜು ಕಲಿಸಿದರು. 1956ರ ಮಾರ್ಚ್‌ನಲ್ಲಿ ತೀರಿಕೊಂಡದ್ದು ಸ್ಟ್ಯಾನ್‌ಮೋರ್‌ನಲ್ಲಿ, ನಮ್ಮ ಪಕ್ಕದ ಸ್ಟೇಷನ್. ಅದೇ ವರ್ಷದ ಕೊನೆಗೆ ಮೆಲ್ಬರ್ನ್ ಒಲಿಂಪಿಕ್ಸ್. ಅದೇ 100 ಮೀಟರಿನ ಮೂರೂ ಪದಕ ಆಸ್ಟ್ರೇಲಿಯಾದ ಹುಡುಗಿಯರೇ ಗೆದ್ದರು. ನೋಡಲು ಫ್ಯಾನಿ ಇರಲಿಲ್ಲ.

ಕೊಳಕ್ಕೆ ಸೂರಿಲ್ಲ. ಬೇಸಿಗೆಯಲ್ಲಿ ಕಾಂಕ್ರೀಟ್ ಅಂಗಾಲು ಸುಡುತ್ತದೆ, ಓಡಿ ಓಡಿ ನೀರಿಗೆ ಇಳಿಯಬೇಕು. ವಿಮಾನಗಳು ನಿಲ್ದಾಣಕ್ಕೆ ಇಳಿಯುವ ದಾರಿ ಇದರ ನೆತ್ತಿಯ ಮೇಲೇ. ಅಂಗಾತ ತೇಲುವುದನ್ನು ಕಲಿತ ದಿನ ಕಿವಿ ನೀರೊಳಗೆ ಇತ್ತು, ಗದ್ದಲ ಏನೂ ಕೇಳಲಿಲ್ಲ. ಕಣ್ಣು ಬಿಟ್ಟರೆ ಒಂದು ದೊಡ್ಡ ವಿಮಾನದ ಹೊಟ್ಟೆ. ಚಕ್ರ ಚಾಚಿಕೊಂಡು ಇಳಿಯುತ್ತಿತ್ತು. ನಾನೂ ಹೀಗೇ ಒಂದರಲ್ಲಿ ಬಂದು ಇಳಿದವಳು ತಾನೇ?

ಮಗಳು ಶಾಲೆಯ ಈಜು ತರಗತಿಯಲ್ಲಿ ನನಗಿಂತ ಮೊದಲೇ ಕಲಿತಿದ್ದಳು. ಹೋದ ಡಿಸೆಂಬರಿನಲ್ಲಿ ನಾನು ಹಲಗೆ ಬಿಟ್ಟು ಈ ತುದಿಯಿಂದ ಆ ತುದಿಗೆ ಮೊದಲ ಸಲ ಈಜಿದಾಗ ಅವಳು ಪಕ್ಕದಲ್ಲೇ ಬಂದಳು. ಗೋಡೆ ಮುಟ್ಟಿ ತಲೆ ಎತ್ತಿದೆ. ಮೆಟ್ಟಿಲ ಮೇಲೆ ನಮ್ಮನೆಯವರು ಟವೆಲ್ ಹಿಡಿದು ನಿಂತಿದ್ದರು. ಊರಿಂದ ಬಂದಿದ್ದ ಅಣ್ಣ ನನ್ನ ಚಪ್ಪಲಿ, ಬ್ಯಾಗು ಕಾಯುತ್ತಾ ಕೂತಿದ್ದ.