ಎರಡು ಪಾಸ್‌ಪೋರ್ಟ್ ಇದೆ, ಫೀಸ್ ಇಲ್ಲ ತಾನೇ?

ಇದೆ. ಹೊರದೇಶದಲ್ಲಿ ಕಾಲೇಜು ಓದಲು ಫೀಸ್ ಕಟ್ಟಬೇಕು. ಕೆಲವು ಕಡೆ ಹೊರದೇಶದ ಮಕ್ಕಳು ಎಷ್ಟು ಕಟ್ಟುತ್ತಾರೋ ಅಷ್ಟನ್ನೂ ಕಟ್ಟಬೇಕು.

ಹೊರಗೆ ಹತ್ತಾರು ವರ್ಷ ಇದ್ದು ಬೆಂಗಳೂರಿಗೋ ಮೈಸೂರಿಗೋ ವಾಪಸ್ ಬಂದ ಮನೆಗಳಲ್ಲಿ, ಮಗು ಹತ್ತನೇ ಕ್ಲಾಸು ಮುಟ್ಟುತ್ತಿದ್ದಂತೆ ಈ ಪ್ರಶ್ನೆ ಏಳುತ್ತದೆ. “ಹುಟ್ಟಿದ್ದು ಹ್ಯೂಸ್ಟನ್‌ನಲ್ಲಿ, ಅಪ್ಪನದು ಬ್ರಿಟಿಷ್ ಪೌರತ್ವ, ಅವಳಿಗೆ ಎರಡೂ ಪಾಸ್‌ಪೋರ್ಟ್ ಇದೆ. ಎಲ್ಲಿ ಓದಿದರೂ ಫ್ರೀ ತಾನೇ?” ಆ ‘ತಾನೇ’ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಉತ್ತರವನ್ನು ಮೊದಲೇ ಗಟ್ಟಿ ಮಾಡಿಕೊಂಡು, ನನ್ನ ಬಾಯಲ್ಲಿ ಹೌದು ಅನ್ನಿಸಲು ಬಂದವರ ಮಾತು ಅದು. ಆ ಹೌದನ್ನು ನಂಬಿ ದುಡ್ಡು ಕೂಡಿಡದೆ ಕೂತರೆ, ಸೀಟು ಸಿಕ್ಕ ಮೇಲೂ ಅದನ್ನು ಬಿಡಬೇಕಾದವಳು ಮಗಳು.

ಒಂದು ಮಾತು ಮೊದಲೇ. ಓಸಿಐ ಕಾರ್ಡನ್ನು ಲೆಕ್ಕಕ್ಕೆ ಸೇರಿಸಿ ‘ಮೂರು ದೇಶದ ಪ್ರಜೆ’ ಅನ್ನಬೇಡಿ. ಭಾರತ ಎರಡನೆಯ ಪೌರತ್ವವನ್ನು ಒಪ್ಪುವುದಿಲ್ಲ. ಓಸಿಐ ಅಂದರೆ ಭಾರತೀಯ ಮೂಲದ ಹೊರದೇಶದ ಪ್ರಜೆಗೆ ಇಲ್ಲಿ ಬಂದು ಇರಲು ಸಿಕ್ಕ ದೀರ್ಘ ಅನುಮತಿ, ಅಷ್ಟೆ. ಸಾಲದ ವಿಷಯಕ್ಕೆ ಬಂದಾಗ ಇದು ಮತ್ತೆ ಕಾಡುತ್ತದೆ.

ಬ್ರಿಟನ್‌ನಿಂದ ಶುರು ಮಾಡೋಣ, ಹೆಚ್ಚು ಜನ ಎಡವುವುದು ಅಲ್ಲೇ. ಇಂಗ್ಲೆಂಡಿನಲ್ಲಿ ‘ಹೋಮ್’ ಫೀಸ್, ಅಂದರೆ ಅಲ್ಲಿಯವರಿಗೆ ಇರುವ ಕಡಿಮೆ ಫೀಸ್, 2025-26ಕ್ಕೆ ವರ್ಷಕ್ಕೆ 9,535 ಪೌಂಡ್. ಹೊರಗಿನವರಿಗೆ 25 ಸಾವಿರದಿಂದ 40 ಸಾವಿರ ಸಾಮಾನ್ಯ. ಹೋಮ್ ಫೀಸ್ ಸಿಗಲು ಪೌರತ್ವದ ಜೊತೆಗೆ, ಕೋರ್ಸ್ ಶುರುವಾಗುವ ಮುಂಚಿನ 3 ವರ್ಷ ಅಲ್ಲೇ ವಾಸ ಇದ್ದಿರಬೇಕು. 2029ರ ಸೆಪ್ಟೆಂಬರ್‌ಗೆ ಸೇರುವ ಮಗು 2026ರ ಸೆಪ್ಟೆಂಬರ್ 1ಕ್ಕೆ ಅಲ್ಲಿರಬೇಕು. ಇದನ್ನು ಕೇಳಿದ ತಕ್ಷಣ, “ಹಾಗಾದರೆ ಅಲ್ಲೇ ಬೋರ್ಡಿಂಗ್ ಸ್ಕೂಲಿಗೆ ಹಾಕ್ತೀವಿ” ಅನ್ನುತ್ತಾರೆ. ಆಗುವುದಿಲ್ಲ. ಆ ಮೂರು ವರ್ಷದ ವಾಸದ ಮುಖ್ಯ ಉದ್ದೇಶವೇ ಓದು ಆಗಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮದಲ್ಲೇ ಇದೆ. ಅಪ್ಪ ಅಮ್ಮ ಬೆಂಗಳೂರಿನಲ್ಲಿ, ಮಗು ಹಾಸ್ಟೆಲಿನಲ್ಲಿ ಇದ್ದರೆ ಬೋರ್ಡಿಂಗಿಗೆ ಸುರಿದ ದುಡ್ಡೂ ಹೋಗುತ್ತದೆ, ಹೋಮ್ ಫೀಸೂ ಸಿಗುವುದಿಲ್ಲ.

ಅನುಮಾನ ಬಂದರೆ ಯೂನಿವರ್ಸಿಟಿ ಒಂದು ಪ್ರಶ್ನಾವಳಿ ಕಳಿಸುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಮೊಬೈಲಿನಲ್ಲಿ, ಊಟದ ನಡುವೆ ತುಂಬಿ ಕಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಕೇಳುವುದು ಇಷ್ಟು: ಹಿಂದಿನ ವರ್ಷಗಳಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಲ್ಲಿದ್ದಿರಿ, ಏಕೆ ಇದ್ದಿರಿ, ಅಪ್ಪ ಅಮ್ಮ ಎಲ್ಲಿದ್ದರು, ಅವರ ಕೆಲಸ ಎಲ್ಲಿ, ಬ್ರಿಟನ್‌ನಲ್ಲಿ ಮನೆ ಉಳಿಸಿಕೊಂಡಿದ್ದರೇ, ರಜೆಗೆ ಎಷ್ಟು ಸಲ ಹೋದಿರಿ. ‘ಏಕೆ’ ಎನ್ನುವ ಆ ಕಾಲಂ ಇಡೀ ಫಾರ್ಮಿನ ಜೀವ. ಅಪ್ಪನನ್ನು ಕಂಪನಿ ಎರಡು ವರ್ಷದ ಕರಾರಿನ ಮೇಲೆ ಬೆಂಗಳೂರಿಗೆ ಕಳಿಸಿದ್ದು ನಿಜವಾದರೆ, ಇಲ್ಲಿಯ ವಾಸವನ್ನು ತಾತ್ಕಾಲಿಕ ಗೈರು ಎಂದು ಪರಿಗಣಿಸಲು ಅವಕಾಶ ಇದೆ. ಆಗ ಬೇಕಾಗುವುದು ಶುರು ಮತ್ತು ಕೊನೆಯ ತಾರೀಖು ಇರುವ ಕಂಪನಿಯ ಪತ್ರ, ಅಲ್ಲಿ ಉಳಿಸಿಕೊಂಡ ಮನೆಯ ಕಾಗದ. ‘ಕುಟುಂಬದ ಕಾರಣಕ್ಕೆ ಭಾರತಕ್ಕೆ ಬಂದೆವು’ ಎಂದು ಬರೆದರೆ, ನೀವೇ ನಿಮ್ಮ ಕೈಯಾರೆ ಇಲ್ಲಿ ನೆಲೆಸಿದ್ದೀರಿ ಎಂದು ಬರೆದುಕೊಟ್ಟಂತೆ. ಹಾಗೆಂದು ಇಲ್ಲದ್ದನ್ನು ಬರೆಯುವುದೂ ಬೇಡ, ಸೀಟಿಗೇ ಕುತ್ತು.

ಹೋಮ್ ಫೀಸ್ ಸಿಗದಿದ್ದರೂ ಬ್ರಿಟಿಷ್ ಪಾಸ್‌ಪೋರ್ಟಿನಿಂದ ಉಪಯೋಗ ಇದೆ. ವೀಸಾ ಬೇಡ, ವೀಸಾದ ಜೊತೆ ವರ್ಷಕ್ಕೆ 776 ಪೌಂಡ್ ಕಟ್ಟಬೇಕಾದ ಆರೋಗ್ಯ ಶುಲ್ಕ ಬೇಡ, ವಾರಕ್ಕೆ 20 ಗಂಟೆಯ ಕೆಲಸದ ಮಿತಿ ಇಲ್ಲ. ಇವು ಸಣ್ಣವಲ್ಲ. ಆದರೆ ಫೀಸಿನ ಮೂಲ ಅಂಕಿ ಇಳಿಯುವುದಿಲ್ಲ.

ಈಗ ಅಮೆರಿಕ. ನಮ್ಮವರ ತಲೆಯಲ್ಲಿ ಸರ್ಕಾರಿ ಅಂದರೆ ಅಗ್ಗ, ಖಾಸಗಿ ಅಂದರೆ ದುಬಾರಿ. ನಿಮ್ಮ ಮಗಳ ವಿಷಯದಲ್ಲಿ ಇದು ತಲೆಕೆಳಗು. ಅಲ್ಲಿಯ ರಾಜ್ಯ ಯೂನಿವರ್ಸಿಟಿಗಳ ಕಡಿಮೆ ಫೀಸ್ ಆಯಾ ರಾಜ್ಯದ ನಿವಾಸಿಗಳಿಗೆ. ಸಾಮಾನ್ಯವಾಗಿ ಒಂದು ವರ್ಷದ ವಾಸ ಬೇಕು, ಅಪ್ಪ ಅಮ್ಮನ ಆಸರೆಯಲ್ಲಿರುವ ಮಗುವಿಗೆ ನೋಡುವುದು ಅವರ ವಾಸವನ್ನು. ಹ್ಯೂಸ್ಟನ್‌ನಲ್ಲಿ ಹುಟ್ಟಿದ್ದಾಳೆ ಅಂದ ಮಾತ್ರಕ್ಕೆ ಟೆಕ್ಸಸ್‌ನ ಫೀಸ್ ಸಿಗುವುದಿಲ್ಲ. ಚಿಕ್ಕಪ್ಪನ ಮನೆಯ ವಿಳಾಸ ಕೊಟ್ಟರೂ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ಯೂನಿವರ್ಸಿಟಿಯಾದ ಯುಸಿಯ ಕ್ಯಾಂಪಸ್‌ಗಳಲ್ಲಿ ಹೊರಗಿನವರು ವರ್ಷಕ್ಕೆ 30 ಸಾವಿರ ಡಾಲರ್‌ಗೂ ಮೇಲೆ ಹೆಚ್ಚುವರಿ ಕಟ್ಟಬೇಕು.

ಆ ಪಾಸ್‌ಪೋರ್ಟಿಗೆ ನಿಜವಾದ ಬೆಲೆ ಸಿಗುವುದು, ಮನೆಯ ಅಗತ್ಯ ನೋಡಿ ನೆರವು ಕೊಡುವ ಖಾಸಗಿ ಕಾಲೇಜುಗಳಲ್ಲಿ. ಗ್ರಿನೆಲ್, ವಾಸರ್, ಪೊಮೋನಾದಂಥ ಕಡೆ ಅಮೆರಿಕನ್ ಪ್ರಜೆಯ ಅರ್ಜಿ ನೋಡುವಾಗ ದುಡ್ಡು ಇದೆಯೋ ಇಲ್ಲವೋ ನೋಡುವುದಿಲ್ಲ. ಸೀಟು ಸಿಕ್ಕರೆ ಅಗತ್ಯವಿರುವಷ್ಟೂ ತುಂಬಿಕೊಡುತ್ತಾರೆ. ಬೆಂಗಳೂರಿನಲ್ಲಿ ಬೆಳೆದರೂ ಅವಳು ಆ ಸಾಲಿನಲ್ಲೇ ನಿಲ್ಲುತ್ತಾಳೆ. ಪಕ್ಕದ ಬೆಂಚಿನ ಭಾರತೀಯ ಪಾಸ್‌ಪೋರ್ಟಿನ ಗೆಳತಿಗೆ ಅದೇ ಕಾಲೇಜಿನಲ್ಲಿ, ದುಡ್ಡು ನೋಡದೆ ಅರ್ಜಿ ನೋಡುವ ಈ ಅನುಕೂಲ ಇಲ್ಲ. ಜೊತೆಗೆ, ಲೆಕ್ಕ ಆಗುವುದು ಡಾಲರಿನಲ್ಲಿ. ಹಾರ್ವರ್ಡ್ 2025-26ರಿಂದ ವರ್ಷಕ್ಕೆ 1 ಲಕ್ಷ ಡಾಲರ್ ಒಳಗೆ ದುಡಿಯುವ, ಹೇಳಿಕೊಳ್ಳುವಂಥ ಆಸ್ತಿ ಇಲ್ಲದ ಮನೆಗಳಿಂದ ಏನೂ ತೆಗೆದುಕೊಳ್ಳುವುದಿಲ್ಲ. ವರ್ಷಕ್ಕೆ 60 ಲಕ್ಷ ರೂಪಾಯಿ ದುಡಿಯುವ ಮನೆ ಕೂಡ ಆ ಗೆರೆಯ ಒಳಗೇ ಬರುತ್ತದೆ. ಸೀಟು ಸಿಗುವುದು ಕಷ್ಟ, ನಿಜ. ಹಾಗಾಗಿಯೇ ಒಂದು ಹೆಸರಿಗೆ ಜೋತುಬೀಳದೆ, ಪ್ರತಿ ಕಾಲೇಜಿನ ಜಾಲತಾಣದಲ್ಲೂ ಇರುವ, ನಿಮ್ಮ ಮನೆಗೆ ಬೀಳುವ ಖರ್ಚು ಅಂದಾಜಿಸುವ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ಗೆ ಹದಿನೈದು ನಿಮಿಷ ಕೊಡಿ.

ನೆರವಿಗೆ ಮೂಲ ಫಾರ್ಮ್ ಫಾಫ್ಸಾ, ಅಮೆರಿಕ ಸರ್ಕಾರದ್ದು. ಅಪ್ಪ ಅಮ್ಮ ಯಾವ ದೇಶದವರಾದರೂ ಮಗು ತುಂಬಬಹುದು. ವಾಪಸ್ ಕೊಡಬೇಕಿಲ್ಲದ ಸರ್ಕಾರಿ ನೆರವಾದ ಪೆಲ್ ಗ್ರಾಂಟ್ 2025-26ಕ್ಕೆ ಹೆಚ್ಚೆಂದರೆ 7,395 ಡಾಲರ್, ಮಗುವಿನ ಹೆಸರಿನ ಫೆಡರಲ್ ಸಾಲ ಮೊದಲ ವರ್ಷ 5,500. ಪೋಷಕರಿಗೆ ಕೊಡುವ ಪ್ಲಸ್ ಸಾಲ ಪ್ರಜೆಗಳಿಗೆ, ಗ್ರೀನ್ ಕಾರ್ಡ್‌ನವರಿಗೆ ಮಾತ್ರ. ಈ ಮನೆಯ ಅಪ್ಪನಿಗೆ ಸಿಗುವುದಿಲ್ಲ. ಖಾಸಗಿ ಕಾಲೇಜುಗಳಲ್ಲಿ ಹಲವು ಇದರ ಜೊತೆಗೆ ಮನೆಯ ಆದಾಯ, ಆಸ್ತಿಯ ವಿವರದ ಇನ್ನೊಂದು ಫಾರ್ಮ್, ಸಿಎಸ್‌ಎಸ್ ಪ್ರೊಫೈಲ್ ಕೇಳುತ್ತವೆ. ಅದು ಇನ್ನೂ ಆಳಕ್ಕೆ ಕೆದಕುತ್ತದೆ.

ಉಳಿದ ದೇಶಗಳನ್ನು ಬೇಗ ಹೇಳಿಬಿಡುತ್ತೇನೆ. ನೆದರ್‌ಲೆಂಡ್ಸ್‌ನಲ್ಲಿ ಯುರೋಪಿಯನ್ ಒಕ್ಕೂಟದ ಪಾಸ್‌ಪೋರ್ಟ್ ಇದ್ದರೆ, ಎಲ್ಲೇ ಬೆಳೆದಿರಲಿ, 2025-26ರ ಫೀಸ್ 2,601 ಯೂರೋ. ಪಾಸ್‌ಪೋರ್ಟಿನಿಂದಲೇ ಕೆಲಸ ಆಗುವ ಅಪರೂಪದ ಜಾಗ ಅದು. ಕೆನಡಾ, ಆಸ್ಟ್ರೇಲಿಯಾದ ಪ್ರಜೆಗಳಿಗೂ ಹೊರಗಿನಿಂದ ಬಂದರೂ ಬಹುತೇಕ ದೇಶೀ ಫೀಸೇ. ಆದರೆ ಕೆನಡಾದಲ್ಲಿ ಸಾಲಕ್ಕೆ ಪ್ರಾಂತ್ಯದ ವಾಸ ನೋಡುತ್ತಾರೆ. ಐರ್ಲೆಂಡ್ ಮಾತ್ರ ಬ್ರಿಟನ್ ಜಾತಿಯದು, ಹಿಂದಿನ 5 ವರ್ಷದಲ್ಲಿ 3 ವರ್ಷದ ವಾಸ ಕೇಳುತ್ತದೆ.

ಇಷ್ಟೆಲ್ಲ ಹೇಳುವಾಗ ನನಗೆ ಅನ್ನಿಸುವುದು ಒಂದೇ. ಈ ಪ್ರಶ್ನೆಯನ್ನು ಹತ್ತನೇ ಕ್ಲಾಸಿನವರೆಗೆ ಕಾದು ಏಕೆ ಕೇಳುತ್ತೀರಿ? “ಮಗಳು ಎಂಟನೇ ಕ್ಲಾಸು, ಈಗ ಏನು ಮಾಡಬಾರದು?” ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೇನೆ.

ಕೇಳಿದರೆ ಹೇಳುತ್ತೇನೆ: ಅಮೆರಿಕದ ನೆರವು ಬೇಕಿದ್ದರೆ ಅವಳ ಹೆಸರಿಗೆ ಎಫ್‌ಡಿ ಇಡಬೇಡಿ. ಫಾಫ್ಸಾ ಲೆಕ್ಕದಲ್ಲಿ ಮಗುವಿನ ಆಸ್ತಿಯ 20 ಶೇಕಡಾವನ್ನು ಪ್ರತಿ ವರ್ಷ ಓದಿಗೆ ಎಂದು ಹಿಡಿಯುತ್ತಾರೆ, ಅಪ್ಪ ಅಮ್ಮನದಾದರೆ ಹೆಚ್ಚೆಂದರೆ 5.64. ಹತ್ತು ಲಕ್ಷದ ಎಫ್‌ಡಿ ಅವಳ ಹೆಸರಿನಲ್ಲಿದ್ದರೆ 2 ಲಕ್ಷ, ನಿಮ್ಮ ಹೆಸರಿನಲ್ಲಿದ್ದರೆ 56 ಸಾವಿರದ ಸುಮಾರು. ಅವಳು ಹತ್ತನೇ ಕ್ಲಾಸ್ ಮುಗಿಸುವ ಕ್ಯಾಲೆಂಡರ್ ವರ್ಷದಲ್ಲಿ ಸೈಟು ಮಾರಬೇಡಿ. ಹನ್ನೆರಡು ಮುಗಿಸಿ ನೇರ ಸೇರುವವಳ ಮೊದಲ ವರ್ಷದ ನೆರವಿಗೆ ನೋಡುವುದು ಎರಡು ವರ್ಷ ಹಿಂದಿನ ಆದಾಯ, ಅಂದರೆ ಅದೇ ವರ್ಷದ್ದು. ಓದಿಗಾಗಿಯೇ ಮಾರಿದ ಸೈಟಿನ ಲಾಭ ಆದಾಯವಾಗಿ ಕಂಡು, ನೆರವೇ ಹೋಗುತ್ತದೆ. ಅಮೆರಿಕದ ಹೊರಗೆ ಹುಟ್ಟಿದ ಪ್ರಜೆಯಾದರೆ ಸೋಷಿಯಲ್ ಸೆಕ್ಯುರಿಟಿ ನಂಬರನ್ನು (ಅಲ್ಲಿಯ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಮಗುವಿಗೆ 12 ವರ್ಷ ತುಂಬುವ ಮೊದಲೇ ಮಾಡಿಸಿ. ಆಮೇಲೆ ಮಗು ಖುದ್ದಾಗಿ ಹೋಗಬೇಕು.

ಇನ್ನು ಸಾಲ. ‘ಬ್ಯಾಂಕ್ ಇದೆಯಲ್ಲ’ ಎಂದು ನೆಮ್ಮದಿಯಾಗಿರುವವರಿಗೆ ಇದನ್ನು ಹೇಳಲೇಬೇಕು. ನಮ್ಮ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಹೊರದೇಶದ ಓದಿಗೆ ಸಾಲ ಬೇಕಾದರೆ ವಿದ್ಯಾರ್ಥಿ ಭಾರತೀಯ ಪ್ರಜೆ ಆಗಿರಬೇಕು. ಓಸಿಐ ಹಿಡಿದು ಕೌಂಟರಿಗೆ ಹೋದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮನೆ ಅಡ ಇಟ್ಟು ಅಪ್ಪನೋ ಅಮ್ಮನೋ ಸಾಲ ಎತ್ತಬಹುದು, ಆದರೆ ಅದು ಶಿಕ್ಷಣ ಸಾಲ ಅಲ್ಲ, ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಸ್ವಂತ ದುಡ್ಡು ಕಳಿಸುವಾಗ ಒಬ್ಬರಿಗೆ ಆರ್ಥಿಕ ವರ್ಷಕ್ಕೆ ಮಿತಿ 2.5 ಲಕ್ಷ ಡಾಲರ್. 10 ಲಕ್ಷ ರೂಪಾಯಿ ದಾಟಿದ ಮೇಲೆ ಬ್ಯಾಂಕ್ ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ಅದು ವಾಪಸ್ ಬರುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಈ ಮಿತಿ ತಲೆಗೊಂದರಂತೆ. ಹಾಗಾಗಿ ಅಪ್ಪ ಅಮ್ಮ ಇಬ್ಬರೂ ತಮ್ಮ ತಮ್ಮ ದುಡ್ಡನ್ನು ತಮ್ಮ ತಮ್ಮ ಪ್ಯಾನ್‌ನಲ್ಲಿ ಹಂಚಿಕೊಂಡು ಕಳಿಸಿ.

ಹೆಸರನ್ನು ಇವತ್ತೇ ನೋಡಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ, ಶಾಲೆಯ ದಾಖಲೆಯಲ್ಲಿ ಹಿಂದೆ ಎರಡು ಇನಿಷಿಯಲ್, ಇನ್ನೊಂದು ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು. ಫಾಫ್ಸಾ ಹೆಸರನ್ನು ಸೋಷಿಯಲ್ ಸೆಕ್ಯುರಿಟಿ ದಾಖಲೆಗೆ ಹೋಲಿಸಿ ನೋಡುತ್ತದೆ, ಹೊಂದದಿದ್ದರೆ ಫಾರ್ಮ್ ಮುಂದೆ ಹೋಗದು. ಮೂರೂ ಕಾಗದವನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಮಗಳನ್ನೇ ಕೂರಿಸಿ ಅಕ್ಷರ ಅಕ್ಷರ ಓದಿಸಿ. ಒಂಬತ್ತನೇ ಕ್ಲಾಸಿನ ನೋಂದಣಿಗೆ ಮೊದಲು ಶಾಲೆಯ ದಾಖಲೆ ತಿದ್ದಿಸುವುದು ಸುಲಭ. ಅಂಕಪಟ್ಟಿ ಅಚ್ಚಾದ ಮೇಲೆ ಬೋರ್ಡಿನ ಕಚೇರಿಗೆ ಅಲೆಯಬೇಕು.