"ನಿಮ್ಮ ತಮ್ಮನೇ ಹೋದ ಮೇಲೂ" ಎಂದು ಕೇಳುವವರಿಗೆ

ಪ್ರಶ್ನೆ ಇದು: "ನಿಮ್ಮ ತಮ್ಮನೇ ಆಕ್ಸಿಡೆಂಟಿನಲ್ಲಿ ಹೋದ ಮೇಲೂ ಅಂಥ ಡ್ರೈವರುಗಳ ಪರ ಅದು ಹೇಗೆ ವಾದ ಮಾಡ್ತೀರಿ?"

ನಾನು ವಕೀಲೆ. ಕ್ರಿಮಿನಲ್ ಕೇಸು ನಡೆಸುತ್ತೇನೆ, ಜಾಸ್ತಿ ಆರೋಪಿಗಳ ಪರ. ನನ್ನ ತಮ್ಮ ರಸ್ತೆ ದಾಟುವಾಗ ಲಾರಿ ಬಡಿದು ತೀರಿಕೊಂಡ. ಈ ಎರಡೂ ಸಂಗತಿ ಗೊತ್ತಿರುವವರು ಸಿಕ್ಕ ಜಾಗದಲ್ಲೆಲ್ಲ ಕೇಳುತ್ತಾರೆ. ಒಬ್ಬರು ಲಿಫ್ಟಿನಲ್ಲಿ ಕೇಳಿದರು. ನಾನು ಎರಡನೇ ಮಹಡಿಯಲ್ಲಿ ಇಳಿಯಬೇಕಿತ್ತು. ಬಾಗಿಲು ಮುಚ್ಚದ ಹಾಗೆ ಕೈ ಅಡ್ಡ ಹಿಡಿದು ಕಾದರು. ಒಳಗಿದ್ದ ಇನ್ನಿಬ್ಬರೂ ಕಾದರು. ಅವತ್ತೇ ನಿರ್ಧರಿಸಿದೆ, ಒಮ್ಮೆ ಬರೆದುಬಿಡೋಣ ಅಂತ.

ಮೊದಲು ಪ್ರಶ್ನೆಯ ಮಾತು. "ತಮ್ಮನೇ" ಅನ್ನುವಾಗ ಆ "ನೇ" ಎಳೆಯುತ್ತೀರಲ್ಲ, ಅದು ನನಗೆ ಚುಚ್ಚುತ್ತದೆ. ಬೇರೆಯವರ ತಮ್ಮ ಹೋಗಿದ್ದರೆ ಈ ಕೆಲಸ ಮಾಡಬಹುದಿತ್ತು ಅನ್ನುವ ಹಾಗಿರುತ್ತದೆ. ಪ್ರತಿ ಕೇಸಿನಲ್ಲೂ ಯಾರದೋ ತಮ್ಮ, ಯಾರದೋ ಮಗಳು ಇದ್ದೇ ಇರುತ್ತಾರೆ. ಅದು ನನಗೆ ಮೊದಲೂ ಗೊತ್ತಿತ್ತು. ಇನ್ನು "ಅಂಥ ಡ್ರೈವರುಗಳು". ನನ್ನ ತಮ್ಮನಿಗೆ ಬಡಿದವನು ಒಬ್ಬನೇ. ನನ್ನ ಹತ್ತಿರ ಫೈಲು ಹಿಡಿದು ಬಂದವರು ಅವನಲ್ಲ. ಇಷ್ಟು ಸರಳ ವಿಷಯವನ್ನು ಎಷ್ಟು ಸಲ ಹೇಳುವುದು?

ನಮ್ಮ ಸಂವಿಧಾನದ 22ನೇ ವಿಧಿ ಬಂಧಿತನಿಗೆ ತನ್ನ ಇಷ್ಟದ ವಕೀಲರ ನೆರವು ಪಡೆಯುವ ಹಕ್ಕು ಕೊಟ್ಟಿದೆ. ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂಬ ತನ್ನ ಸ್ವಂತ ಅಭಿಪ್ರಾಯ ಏನೇ ಇರಲಿ, ವಕೀಲ ಅವನ ರಕ್ಷಣೆಗೆ ನಿಲ್ಲಬೇಕು ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ಇಂಥ ಆರೋಪಿಯ ಪರ ಯಾರೂ ನಿಲ್ಲಬಾರದು ಎಂದು ವಕೀಲರ ಸಂಘಗಳು ಠರಾವು ಮಾಡುವುದು ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟ್ 2010ರ ಡಿಸೆಂಬರಿನಲ್ಲಿ ಹೇಳಿತು. ಸಮಾಧಾನ ಹೇಳಲು ಬಂದ ಸಹೋದ್ಯೋಗಿಯೊಬ್ಬರು ನನಗೆ ಥಾಮಸ್ ಎರ್ಸ್ಕಿನ್ ಕಥೆ ಹೇಳಿದರು. 1792ರಲ್ಲಿ ಇಂಗ್ಲೆಂಡಿನಲ್ಲಿ, ರಾಜಪ್ರಭುತ್ವವನ್ನು ಟೀಕಿಸಿ ಪುಸ್ತಕ ಬರೆದು ಆರೋಪಿಯಾಗಿದ್ದ ಥಾಮಸ್ ಪೇನ್ ಪರ ನಿಂತು, ರಾಜಕುಮಾರನ ಅಟಾರ್ನಿ ಜನರಲ್ ಹುದ್ದೆ ಕಳೆದುಕೊಂಡ ವಕೀಲ. ದೊಡ್ಡ ಮನುಷ್ಯ, ನಿಜ. ಆದರೆ ಆ ಕೇಸಿನಲ್ಲಿ ಅವನ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಹುದ್ದೆ ಹೋದ ಕಥೆ ನನಗೆ ಆಗ ಏನೂ ಸಹಾಯ ಮಾಡಲಿಲ್ಲ.

ನಮ್ಮ ಮನೆಯ ಕೇಸು ಹಳೆಯ ಐಪಿಸಿ 304ಎ ಕೆಳಗೆ ನಡೆಯಿತು. ನಿರ್ಲಕ್ಷ್ಯದಿಂದ ಸಾವು, ಗರಿಷ್ಠ 2 ವರ್ಷ. (2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 5 ವರ್ಷದವರೆಗೆ ಆಗಿದೆ.) ದೂರು ಕೊಟ್ಟವರು ಅಪ್ಪ, ಹಾಗಾಗಿ ಮೊದಲ ಸಾಕ್ಷಿ ಅವರೇ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ಕೋಟು ಹಾಕಿಕೊಳ್ಳದೆ.

ಆರೋಪಿ ಪರ ವಕೀಲರು ಪಾಟಿ ಸವಾಲಿಗೆ ಎದ್ದರು. ಸಭ್ಯರು. ಅಪ್ಪನಿಗೆ ಕುರ್ಚಿ ಕೊಡಿಸಲು ಅವರೇ ಕೇಳಿಕೊಂಡರು. ಅಪಘಾತವನ್ನು ನೀವು ಕಣ್ಣಾರೆ ನೋಡಿಲ್ಲ ಅಲ್ವಾ ಎಂದರು. ಅಪ್ಪ ಇಲ್ಲ ಸ್ವಾಮಿ ಎಂದರು. ಆಮೇಲೆ, "ನಿಮ್ಮ ಮಗ ನೋಡದೆ ರಸ್ತೆಗೆ ನುಗ್ಗಿದ್ದರಿಂದಲೇ ಅಪಘಾತ ಆಯಿತು ಅಂತ ಹೇಳ್ತೀನಿ, ಏನಂತೀರಿ?" ಎಂದು ಕೇಳಿದರು.

ಕೋರ್ಟಿಗೆ ಓಡಾಡುವವರಿಗೆ ಇದು ಮಾಮೂಲಿ. ನಮ್ಮ ವಾದವನ್ನು ಸಾಕ್ಷಿಯ ಮುಂದೆ ಇಡಬೇಕು, ಇಡದಿದ್ದರೆ ಅವರು ಹೇಳಿದ್ದನ್ನು ನಾವು ಒಪ್ಪಿದ ಹಾಗೆ ಎಣಿಸಬಹುದು. ಸಾಕ್ಷಿ ಅಲ್ಲ ಅನ್ನುತ್ತಾರೆ. ಟೈಪಿಸ್ಟು "ನನ್ನ ಮಗನ ನಿರ್ಲಕ್ಷ್ಯದಿಂದಲೇ ಅಪಘಾತ ಆಯಿತು ಎಂದರೆ ಸರಿಯಲ್ಲ" ಎಂದು ಹೊಡೆಯುತ್ತಾರೆ. ನಾನೇ ನೂರಾರು ಸಲ ಕೇಳಿದ್ದೇನೆ, ಗಡಿಯಾರ ನೋಡಿಕೊಂಡು ಕೇಳಿದ್ದೂ ಇದೆ. ಅಪ್ಪನಿಗೆ ಇದು ಮಾಮೂಲಿ ಅಂತ ಯಾರು ಹೇಳಬೇಕು? ಅವರು ಉತ್ತರ ಕೊಡಲಿಲ್ಲ. ತಿರುಗಿ ನನ್ನ ಮುಖ ನೋಡಿದರು. ಹಾಗಾ, ಅವನದೇ ತಪ್ಪಾ, ಎಂದು ನನ್ನನ್ನು ಕೇಳುವ ಹಾಗೆ. ಸಾಕ್ಷಿಗೆ ಸನ್ನೆ ಮಾಡಬಾರದು ಎಂದು ಗೊತ್ತಿದ್ದ ನಾನು ತಲೆ ತಗ್ಗಿಸಿ ಕೂತೆ.

ಆ ಡ್ರೈವರ್ ಬಿಡುಗಡೆಯಾದ. ಕಣ್ಣಾರೆ ಕಂಡಿದ್ದ ಒಬ್ಬನೇ ಸಾಕ್ಷಿ "ಜೋರಾಗಿ ಬಂತು" ಎನ್ನುವುದಕ್ಕಿಂತ ಜಾಸ್ತಿ ಏನೂ ಹೇಳಲಿಲ್ಲ. ಸುಮ್ನೆ "ಅತಿ ವೇಗ" ಎಂದರೆ ಸಾಲದು, ನಿರ್ಲಕ್ಷ್ಯ ಬೇರೆಯಾಗಿ ಸಾಬೀತಾಗಬೇಕು ಎಂದು ಕರ್ನಾಟಕದ ಒಂದು ಟ್ರಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, 1998ರಲ್ಲಿ. ತಮ್ಮನ ಕೇಸಿನ ತೀರ್ಪಿನಲ್ಲಿ ಅದನ್ನೇ ಉಲ್ಲೇಖಿಸಿದ್ದರು. ಆ ಸುಪ್ರೀಂ ಕೋರ್ಟ್ ತೀರ್ಪಿನ ಜೆರಾಕ್ಸ್ ಪ್ರತಿ ಯಾವಾಗಲೂ ನನ್ನ ಬ್ಯಾಗಿನಲ್ಲಿ ಇರುತ್ತದೆ. ಅಂಚು ಸವೆದಿದೆ, ಅಷ್ಟು ಸಲ ಕೋರ್ಟಿಗೆ ಕೊಟ್ಟಿದ್ದೇನೆ. ಅವತ್ತು ಸಂಜೆ ಅದನ್ನು ಹೊರಗೆ ತೆಗೆದು ಮತ್ತೆ ಓದಿದೆ. ಎಲ್ಲಾದರೂ ತಪ್ಪು ಸಿಗಲಿ ಅಂತ ಓದಿದೆ. ಸಿಗಲಿಲ್ಲ. ಹರಿದು ಹಾಕಬೇಕು ಅನ್ನಿಸಿತು. ಹಾಗೇ ಮಡಿಸಿ ಒಳಗಿಟ್ಟೆ.

ಒಂದು ಫೈಲು ವಾಪಸ್ ಕೊಟ್ಟಿದ್ದೇನೆ. ಇದನ್ನು ಯಾರೂ ಕೇಳುವುದಿಲ್ಲ. ತಮ್ಮ ಹೋಗಿ ಎರಡೂವರೆ ತಿಂಗಳಾಗಿತ್ತು. ಕುಡಿದು ಗಾಡಿ ಓಡಿಸಿದ ಆರೋಪದ ಕೇಸು. ಅದರಲ್ಲಿದ್ದ ಮರಣೋತ್ತರ ಪರೀಕ್ಷೆಯ ವರದಿಯನ್ನು ಮೂರು ರಾತ್ರಿ ಓದಲು ಕೂತೆ. ಮೊದಲ ಪುಟ ದಾಟಲಿಲ್ಲ. ಓದದ ವಕೀಲೆ ಇದ್ದೂ ಇಲ್ಲದ ಹಾಗೆ. ಕಕ್ಷಿದಾರರನ್ನು ಕರೆದು ಕಾರಣ ಹೇಳಿದೆ. ಕಾಗದ ಪತ್ರ, ಉಳಿದ ಫೀಸು ಎಲ್ಲ ಕೊಟ್ಟೆ. ವಾಯಿದೆಗೆ ಇನ್ನೂ ಒಂದು ತಿಂಗಳಿತ್ತು, ಬೇರೆಯವರು ತಯಾರಾಗಲು ಸಾಕಿತ್ತು. ಕಾರಣ ಗಟ್ಟಿಯಿದ್ದರೆ, ಮುಂಚೆ ತಿಳಿಸಿದರೆ, ಹಿಂದೆ ಸರಿಯಲು ನಿಯಮದಲ್ಲಿ ದಾರಿ ಇದೆ. ನನಗೆ ಅದರ ಬಗ್ಗೆ ನಾಚಿಕೆ ಇಲ್ಲ. ಒಳಗೊಳಗೇ ಅವರು ಸೋಲಲಿ ಅಂದುಕೊಳ್ಳುತ್ತ ವಕಾಲತ್ತು ಇಟ್ಟುಕೊಂಡಿದ್ದರೆ ನಾಚಿಕೆಪಡಬೇಕಿತ್ತು.

ನೀವು ನಿಜವಾಗಿ ಕೇಳಬೇಕಾದದ್ದು, "ಸಾಕ್ಷಿ ಕಟ್ಟೆಯಲ್ಲಿ ಸತ್ತವರ ತಾಯಿ ನಿಂತಿದ್ದಾಗ ನೀವು ಏನು ಕೇಳಿದಿರಿ?" ಎಂದು. ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಬಹಳ ದಿನ ಹಿಡಿಯಿತು.

ಅಪ್ಪನ ಸಾಕ್ಷಿ ಮುಗಿದ ಮರುವರ್ಷ ಒಂದು ಕೇಸು ಬಂತು. ಉಚಿತ ಕಾನೂನು ನೆರವಿನ ಮೂಲಕ ಬಂದ ಸರಕು ಗಾಡಿಯ ಡ್ರೈವರ್. (ಇಷ್ಟನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.) ಮೊದಲ ದಿನವೇ ತಮ್ಮನ ವಿಷಯ ಹೇಳಿದೆ. ಹೇಳಲೇಬೇಕು, ಅದು ಅವರ ಹಕ್ಕು. ಬೇರೆ ವಕೀಲರು ಬೇಕಿದ್ದರೆ ನಾನೇ ಬರೆದುಕೊಡ್ತೀನಿ ಎಂದೆ. ಅವರು ಸುಮಾರು ಹೊತ್ತು ನೆಲ ನೋಡುತ್ತ ಕೂತರು. ಆಮೇಲೆ ಕೇಳಿದರು, "ನನ್ನ ಮೇಲೆ ಸಿಟ್ಟು ಬಂದ್ರೆ ಮುಚ್ಚಿಡದೆ ಹೇಳ್ತೀರಾ ಮೇಡಂ?" ಹೇಳ್ತೀನಿ ಎಂದೆ. ಹಾಗಾದ್ರೆ ನೀವೇ ಇರಿ ಎಂದರು.

ಆ ಕೇಸಿನಲ್ಲಿ ಸತ್ತವನ ತಾಯಿಯ ಸಾಕ್ಷಿಯ ಹಿಂದಿನ ರಾತ್ರಿ ಪ್ರಶ್ನೆಗಳನ್ನು ಬರೆದುಕೊಂಡೆ. ಎಂದಿನ ಹಾಗೆ ಕೊನೆಗೆ "ನಿಮ್ಮ ಮಗನ ತಪ್ಪಿನಿಂದಲೇ" ಎಂದು ಬರೆಯಿತು ಕೈ. ಅಲ್ಲಿಗೆ ನಿಂತೆ. ಇದನ್ನು ಬಿಟ್ಟರೆ ಡ್ರೈವರಿಗೆ ನಷ್ಟವಾ? ಮಹಜರು, ನಕ್ಷೆ, ವಾಹನ ತಪಾಸಣೆಯ ವರದಿ ಮತ್ತೆ ಓದಿದೆ. ಆಯಮ್ಮ ಅಪಘಾತ ನೋಡಿಲ್ಲ. ಅದು ಹೇಗಾಯಿತು ಎಂದು ಒಂದು ಮಾತೂ ಪೊಲೀಸರಿಗೆ ಹೇಳಿಲ್ಲ. ಈ ಪ್ರಶ್ನೆ ಹೋಗಬೇಕಾದದ್ದು ಪ್ರತ್ಯಕ್ಷ ಸಾಕ್ಷಿಗೆ ಮತ್ತು ತನಿಖಾಧಿಕಾರಿಗೆ. ಇಷ್ಟಾದರೂ ಅನುಮಾನ ಹೋಗಲಿಲ್ಲ. ನಾನು ಇದನ್ನು ಬಿಡುತ್ತಿರುವುದು ಅವರಿಂದ ಉಪಯೋಗ ಇಲ್ಲ ಅಂತಲೋ, ಅಪ್ಪನ ಮುಖ ನೆನಪಾಗಿಯೋ? ಎರಡೂ ಇರಬಹುದು. ಆಯಮ್ಮ ನೋಡಿದ್ದಾಗಿ ಹೇಳಿದ್ದರೆ ಕೇಳುತ್ತಿದ್ದೆ, ಕೈ ನಡುಗಿದರೂ ಕೇಳುತ್ತಿದ್ದೆ. ಅಷ್ಟು ಖಚಿತ ಮಾಡಿಕೊಂಡ ಮೇಲೆ ಆ ಸಾಲು ಹೊಡೆದು ಹಾಕಿದೆ. ಬೆಳಿಗ್ಗೆ ಡ್ರೈವರಿಗೂ ಹೇಳಿದೆ. ಅವರು ಬೇಡ ಮೇಡಂ, ಅವರನ್ನು ಅದು ಕೇಳಬೇಡಿ ಎಂದರು.

ಆಯಮ್ಮ ಸಾಕ್ಷಿ ಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಎದ್ದೆ.

"ಅಪಘಾತ ಆದಾಗ ನೀವು ಅಲ್ಲಿ ಇರಲಿಲ್ಲ, ಅಲ್ವಾ ಅಮ್ಮ?"

"ಇರಲಿಲ್ಲ."

"ಅಷ್ಟೇ," ಎಂದು ನ್ಯಾಯಾಧೀಶರ ಕಡೆ ತಿರುಗಿದೆ.

ಟೈಪಿಸ್ಟು ಅಭ್ಯಾಸದ ಮೇಲೆ ಮುಂದಿನ ಸಾಲನ್ನು ಆಗಲೇ ಶುರು ಮಾಡಿದ್ದರು. ಪರದೆಯ ಮೇಲೆ "ನನ್ನ ಮಗನ" ಎಂದು ಮೂಡಿತ್ತು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಕೂತದ್ದನ್ನು ನೋಡಿ, ಒಂದೊಂದೇ ಅಕ್ಷರ ಅಳಿಸಿದರು.